ಕೆಂಪುಮಣ್ಣಿನ ಹುಲ್ಲುಹಾಸು ನೀರನ್ನೂ ಗೊಬ್ಬರವನ್ನೂ ಹಿಡಿದಿಟ್ಟುಕೊಳ್ಳಬೇಕಾದರೆ: ಸಮಗ್ರ ಮಾರ್ಗದರ್ಶಿ

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸುವುದನ್ನು ನಿಷೇಧಿಸಿತು. ಆದೇಶ ಮೀರಿದವರಿಗೆ 5,000 ರೂಪಾಯಿ ದಂಡ. ಹುಲ್ಲುಹಾಸು ಬೆಳೆಸಿಕೊಂಡವರಿಗೆ ಅದು ಕಷ್ಟದ ಬೇಸಿಗೆ. ದಿನಾ ಸಂಜೆ ಪೈಪು ಹಿಡಿದು ನೀರುಣಿಸಿದರೆ ಮಾತ್ರ ಹಸಿರಾಗಿರುವ ಲಾನ್, ನೀರು ನಿಂತ ಕೆಲವೇ ದಿನಗಳಲ್ಲಿ ಒಣಗುತ್ತದೆ. ಅಂಥ ಕಡೆ ದೋಷ ಹುಲ್ಲಿನದಲ್ಲ. ನಮ್ಮ ಲಾನ್‌ಗಳಲ್ಲಿ ಬಹುಪಾಲು ಗರಿಕೆಯ ಜಾತಿಯವೇ ಆಗಿವೆ, ಬಯಲುಸೀಮೆಯ ಬದುಗಳ ಮೇಲೆ ಯಾರೂ ನೀರು ಹಾಕದೆ ಬದುಕುವ ಹುಲ್ಲು ಅದು. ಅದಕ್ಕೆ ಬೇರು ಇಳಿಸಲು ಜಾಗ ಸಿಕ್ಕಿಲ್ಲ, ಸಿಕ್ಕಿದಷ್ಟು ಜಾಗದಲ್ಲಿ ನೀರೂ ಸಾರವೂ ನಿಲ್ಲುತ್ತಿಲ್ಲ, ಅಷ್ಟೇ.

ಬೆಂಗಳೂರು, ಕೋಲಾರ, ತುಮಕೂರು, ರಾಮನಗರ ಭಾಗದ ಕೆಂಪುಮಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಎರೆಭೂಮಿಯವರಿಗೂ ಕರಾವಳಿಯವರಿಗೂ ಬೇಕಾದ ಮಾತುಗಳು ಕೊನೆಯ ಭಾಗದಲ್ಲಿವೆ. ಹುಲ್ಲುಹಾಸಿನ ಬಗ್ಗೆ ಹೇಳಿದ ಹೆಚ್ಚಿನದೆಲ್ಲ ಹೂವಿನ ಪಾತಿಗೂ ತರಕಾರಿ ಮಡಿಗೂ ಅನ್ವಯಿಸುತ್ತದೆ.

ಲೆಕ್ಕ ಮೊದಲು, ಖರ್ಚು ಆಮೇಲೆ

ಒಂದು ಚದರ ಮೀಟರ್ ನೆಲದ ಮೇಲೆ 1 ಮಿ.ಮೀ. ನೀರು ನಿಂತರೆ ಅದು 1 ಲೀಟರ್. ಇದೊಂದನ್ನು ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕವೆಲ್ಲ ಸುಲಭ. ಉದಾಹರಣೆಗೆ 100 ಚದರ ಮೀಟರ್ ಲಾನ್ ತೆಗೆದುಕೊಳ್ಳೋಣ. 30x40 ನಿವೇಶನಕ್ಕಿಂತ ತುಸು ಕಡಿಮೆ ಜಾಗ.

ಮರಳು ಬೆರೆತ ಕೆಂಪುಮಣ್ಣು ಗಿಡಕ್ಕೆ ಸಿಗುವಂತೆ ಹಿಡಿದಿಡುವ ನೀರು ಅದರ ಗಾತ್ರದ ಶೇ. 12ರ ಆಸುಪಾಸು. ಬೇರು 5 ಸೆಂ.ಮೀ. ಆಳಕ್ಕೆ ಮಾತ್ರ ಇಳಿದಿದ್ದರೆ ನಿಮ್ಮ ಉಗ್ರಾಣದಲ್ಲಿರುವುದು 600 ಲೀಟರ್. ಅದೇ ಬೇರು 10 ಸೆಂ.ಮೀ.ಗೆ ಇಳಿದರೆ 1,200 ಲೀಟರ್. ಏನನ್ನೂ ಬೆರೆಸದೆ, ಬರೀ ಬೇರಿಗೆ ದಾರಿ ಮಾಡಿಕೊಟ್ಟಿದ್ದಕ್ಕೆ 600 ಲೀಟರ್ ಹೆಚ್ಚುವರಿ.

ಈಗ ಸಾವಯವ ಅಂಶ. ಮಣ್ಣಿನ ಸಾವಯವ ಇಂಗಾಲ ಶೇ. 1ರಷ್ಟು ಏರಿದರೆ (0.5 ಇದ್ದದ್ದು 1.5 ಆದರೆ) ಪ್ರತಿ 10 ಸೆಂ.ಮೀ. ಆಳಕ್ಕೆ ಸರಿಸುಮಾರು 1 ಮಿ.ಮೀ. ನೀರು ಹೆಚ್ಚು ನಿಲ್ಲುತ್ತದೆ, ಮರಳುಮಣ್ಣಿನಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಅಂದರೆ ನಮ್ಮ ಲಾನ್‌ನಲ್ಲಿ 100 ಲೀಟರಿಗೆ ತುಸು ಮೇಲೆ. ಶೇ. 1 ಏರಿಸುವುದಕ್ಕೆ ವರ್ಷಗಳು ಹಿಡಿಯುತ್ತವೆ ಎಂಬುದನ್ನೂ ಗಮನಿಸಿ.

ಕೊನೆಯದು ಹೈಡ್ರೋಜೆಲ್, ಅಂದರೆ ನೀರು ಹೀರಿ ಉಬ್ಬುವ ಹರಳುಪುಡಿ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಪೂಸಾ ಹೈಡ್ರೋಜೆಲ್ ಶುದ್ಧ ನೀರಿನಲ್ಲಿ ತನ್ನ ತೂಕದ 350 ಪಟ್ಟು ನೀರು ಹೀರುತ್ತದೆ. ಕೇಳಲು ದೊಡ್ಡದು. ಆದರೆ ಹೆಕ್ಟೇರಿಗೆ 5 ಕೆ.ಜಿ.ಯಂತೆ ಹಾಕಿದರೆ 100 ಚದರ ಮೀಟರಿಗೆ ಬೀಳುವುದು 50 ಗ್ರಾಂ, ಅದು ಹಿಡಿಯುವ ನೀರು 17 ಲೀಟರ್ ಚಿಲ್ಲರೆ. ಗಡಸು ಬೋರ್‌ವೆಲ್ ನೀರಿನಲ್ಲಿ ಅದೂ ಇಳಿಯುತ್ತದೆ. ಮೊಳಕೆಯೊಡೆಯುವ ಬೀಜದ ಪಕ್ಕದಲ್ಲಿ, ಹೊಸದಾಗಿ ನೆಟ್ಟ ಗಿಡದ ಬುಡದಲ್ಲಿ ಅದಕ್ಕೆ ಕೆಲಸವಿದೆ. ಇಡೀ ಲಾನ್‌ನ ಬಾಯಾರಿಕೆಗೆ ಅದು ಉತ್ತರವಲ್ಲ.

600, 100, 17. ಈ ಮೂರು ಅಂಕಿಗಳೇ ಕೆಲಸದ ಕ್ರಮವನ್ನು ಹೇಳಿಬಿಡುತ್ತವೆ: ಮೊದಲು ಬೇರಿನ ಆಳ, ನಂತರ ಸಾವಯವ ಅಂಶ, ಅಂಗಡಿಯ ಸಾಮಗ್ರಿ ಕಟ್ಟಕಡೆಗೆ. ಮಾರಾಟಗಾರರು ಇದನ್ನು ತಿರುವುಮುರುವಾಗಿ ಹೇಳುತ್ತಾರೆ ಎಂಬುದೇ ನನ್ನ ದೊಡ್ಡ ತಕರಾರು.

ಹಾಗೆಂದು ಗೊಬ್ಬರವನ್ನು ಕಡೆಗಣಿಸಬೇಡಿ. ನೀರಿಗಿಂತ ಪೋಷಕಾಂಶದ ವಿಷಯದಲ್ಲಿ ಅದರ ಪಾತ್ರ ದೊಡ್ಡದು. ಅಮೋನಿಯಂ, ಪೊಟ್ಯಾಷ್, ಕ್ಯಾಲ್ಸಿಯಂನಂಥ ಧನ ವಿದ್ಯುದಂಶದ ಕಣಗಳನ್ನು ಮಣ್ಣು ಎಷ್ಟು ಹಿಡಿದಿಡಬಲ್ಲದು ಎಂಬುದನ್ನು ಕ್ಯಾಟಯಾನ್ ವಿನಿಮಯ ಸಾಮರ್ಥ್ಯ ಎಂದು ಅಳೆಯುತ್ತಾರೆ. ಕೆಂಪುಮಣ್ಣಿನಲ್ಲಿ ಪ್ರಧಾನವಾಗಿರುವ ಕೆಯೊಲಿನೈಟ್ ಜೇಡಿಗೆ ಈ ಅಂಕಿ 100 ಗ್ರಾಂಗೆ 3ರಿಂದ 15 ಮಿಲಿಈಕ್ವಿವಲೆಂಟ್ (ಹಿಡಿದ ವಿದ್ಯುದಂಶದ ಅಳತೆ). ಎರೆಮಣ್ಣಿನ ಸ್ಮೆಕ್ಟೈಟ್ ಜೇಡಿಗೆ 80ರಿಂದ 150. ಹ್ಯೂಮಸ್‌ಗೆ, ಅಂದರೆ ಪೂರ್ತಿ ಕೊಳೆತು ಮಾಗಿದ ಸಾವಯವ ಅಂಶಕ್ಕೆ, 200ರ ಆಸುಪಾಸು. ನಮ್ಮ ಜೇಡಿಯನ್ನು ಬದಲಾಯಿಸಲು ಆಗುವುದಿಲ್ಲ, ಹ್ಯೂಮಸ್ ಬೆಳೆಸಲು ಆಗುತ್ತದೆ. ಕಾಂಪೋಸ್ಟ್‌ನ ನಿಜವಾದ ಬೆಲೆ ಇಲ್ಲಿದೆ. ಜೊತೆಗೆ ಅದು ಮಣ್ಣನ್ನು ಹರಳುಗಟ್ಟಿಸಿ, ನೀರು ಇಳಿಯಲು ಬೇರು ನುಗ್ಗಲು ರಂಧ್ರಗಳನ್ನು ತೆರೆಯುತ್ತದೆ.

ಹಂತ 1: ನಿಮ್ಮ ಮಣ್ಣನ್ನು ಪರೀಕ್ಷಿಸಿ

ಮೊದಲು ಚೂರಿಯಿಂದ ಲಾನ್‌ನ ಒಂದು ಮೂಲೆಯಲ್ಲಿ ಅಂಗೈ ಅಗಲದ ತುಂಡನ್ನು 15 ಸೆಂ.ಮೀ. ಆಳದವರೆಗೆ ಕತ್ತರಿಸಿ, ನಿಧಾನವಾಗಿ ಎಬ್ಬಿಸಿ ಪಕ್ಕಕ್ಕಿಟ್ಟು ನೋಡಿ. ಮೇಲೆ ಹಸಿರು ಎಲೆ, ಅದರ ಕೆಳಗೆ ಕಂದು ಬಣ್ಣದ ನಾರುನಾರಾದ ಪದರ, ಆಮೇಲೆ ಮಣ್ಣು. ಬಿಳಿ ಬೇರುಗಳು ಎಲ್ಲಿಯವರೆಗೆ ಇಳಿದಿವೆ ಎಂದು ಸ್ಕೇಲು ಹಿಡಿದು ಅಳೆಯಿರಿ. ಬಹಳಷ್ಟು ಲಾನ್‌ಗಳಲ್ಲಿ ಬೇರು ನಾಲ್ಕೈದು ಸೆಂ.ಮೀ. ಇಳಿದು, ಅಲ್ಲಿ ಗೋಡೆಗೆ ಬಡಿದಂತೆ ಅಡ್ಡ ತಿರುಗಿರುತ್ತದೆ. ಆ ತಿರುವಿನ ಜಾಗದಲ್ಲಿ ಮಣ್ಣಿನ ಬಣ್ಣ, ಬಿಗಿತ ಬದಲಾಗಿರುವುದು ಕಣ್ಣಿಗೇ ಕಾಣುತ್ತದೆ. ಒಂದೋ ಅಲ್ಲಿ ರೋಲರ್ ಓಡಿಸಿ ಗಟ್ಟಿ ಮಾಡಿದ ತಳವಿದೆ, ಇಲ್ಲವೇ ನರ್ಸರಿಯಿಂದ ಹುಲ್ಲಿನ ಜೊತೆ ಬಂದ ಅಂಟುಮಣ್ಣು ಕೆಳಗಿನ ಮಣ್ಣಿನೊಂದಿಗೆ ಬೆರೆಯದೆ ಹಾಗೇ ಕುಳಿತಿದೆ. ನೋಡಿಯಾದ ಮೇಲೆ ತುಂಡನ್ನು ಮತ್ತೆ ಕೂರಿಸಿ ನೀರು ಹಾಕಿದರೆ ಅದು ಬದುಕಿಕೊಳ್ಳುತ್ತದೆ.

ಎರಡನೆಯದು ಬಾಟಲಿ ಪರೀಕ್ಷೆ. ಅಗಲ ಬಾಯಿಯ ಗಾಜಿನ ಬಾಟಲಿಯಲ್ಲಿ ಮೂರನೇ ಒಂದು ಭಾಗ ಮಣ್ಣು, ಉಳಿದದ್ದು ನೀರು, ಒಂದು ಚಿಟಿಕೆ ಬಟ್ಟೆ ಸೋಪಿನ ಪುಡಿ. ಚೆನ್ನಾಗಿ ಕುಲುಕಿ ಅಲುಗಾಡದ ಜಾಗದಲ್ಲಿಡಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ, ಮರಳಿಗೂ ಜೇಡಿಗೂ ನಡುವಿನ ನುಣುಪು ಕಣಗಳು ಒಂದೆರಡು ಗಂಟೆಯಲ್ಲಿ, ಜೇಡಿ ಒಂದೆರಡು ದಿನದಲ್ಲಿ. ಪದರಗಳನ್ನು ಅಳೆದರೆ ಮರಳು ಶೇ. 70 ದಾಟಿದೆಯೇ ಎಂದು ತಿಳಿಯುತ್ತದೆ. ದಾಟಿದ್ದರೆ ನಿಮ್ಮ ಸಮಸ್ಯೆ ಹಿಡಿದಿಡುವುದು. ಜೇಡಿ ಶೇ. 40ರ ಹತ್ತಿರವಿದ್ದರೆ ನಿಮ್ಮ ಸಮಸ್ಯೆ ಇಂಗಿಸುವುದು.

ಮೂರನೆಯದು ಇಂಗುವ ವೇಗ. 15 ಸೆಂ.ಮೀ. ವ್ಯಾಸದ, ಎರಡೂ ಬದಿ ತೆರೆದ ಡಬ್ಬಿಯನ್ನು 5 ಸೆಂ.ಮೀ. ನೆಲಕ್ಕೆ ಬಡಿದು ಕೂರಿಸಿ 450 ಮಿ.ಲೀ. ನೀರು ಸುರಿಯಿರಿ. ಅದು ಇಂಗಿದ ಮೇಲೆ ಮತ್ತೆ ಅಷ್ಟೇ ಸುರಿದು, ಎರಡನೆಯ ಸಲಕ್ಕೆ ಹಿಡಿದ ಸಮಯ ಬರೆದುಕೊಳ್ಳಿ. ಗಂಟೆ ದಾಟಿದರೆ ಮಣ್ಣು ಬಿಗಿದಿದೆ.

ಇನ್ನು ಪ್ರಯೋಗಾಲಯದ ಪರೀಕ್ಷೆ. ನಾಲ್ಕೈದು ಕಡೆ ಇಂಗ್ಲಿಷಿನ ವಿ ಆಕಾರದಲ್ಲಿ 15 ಸೆಂ.ಮೀ. ಗುಂಡಿ ತೆಗೆದು, ಬದಿಯ ಮಣ್ಣನ್ನು ಮೇಲಿನಿಂದ ಕೆಳಗಿನವರೆಗೆ ಕೆರೆದು, ಎಲ್ಲ ಬೆರೆಸಿ ನೆರಳಿನಲ್ಲಿ ಒಣಗಿಸಿ ಅರ್ಧ ಕೆ.ಜಿ.ಯಷ್ಟನ್ನು ಕೃಷಿ ವಿಜ್ಞಾನ ಕೇಂದ್ರಕ್ಕೋ ಹತ್ತಿರದ ಮಣ್ಣು ಪರೀಕ್ಷಾ ಕೇಂದ್ರಕ್ಕೋ ಕೊಡಿ. ವರದಿಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕಡಿಮೆ ಇದ್ದರೆ ಕಳಪೆ, 0.75 ದಾಟಿದರೆ ಉತ್ತಮ. ರಸಸಾರ (ಪಿಎಚ್) ಮತ್ತು ಲವಣಾಂಶದ ಸಾಲುಗಳನ್ನೂ ನೋಡಲು ಮರೆಯಬೇಡಿ, ಮುಂದೆ ಅವು ಬೇಕಾಗುತ್ತವೆ.

ಹಂತ 2: ಹೊಸದಾಗಿ ಲಾನ್ ಮಾಡುವವರಿಗೆ

ನಿಮಗೆ ಸಿಕ್ಕಿರುವ ಅವಕಾಶ ಇನ್ನೊಮ್ಮೆ ಸಿಗುವುದಿಲ್ಲ. ಹುಲ್ಲು ಹಾಸಿದ ಮೇಲೆ ವರ್ಷಗಟ್ಟಲೆ ಹೆಣಗಿದರೂ ಆಗದ್ದನ್ನು ಈಗ ಎರಡು ತಿಂಗಳಲ್ಲಿ ಮಾಡಬಹುದು.

ನಗರದಲ್ಲಿ ಲಾರಿ ಲೋಡಿನಲ್ಲಿ ಬರುವ ಕೆಂಪುಮಣ್ಣು ಬಹುತೇಕ ಯಾವುದೋ ಕಟ್ಟಡದ ನೆಲಮಾಳಿಗೆ ಅಗೆದಾಗ ಬಂದ ಮಣ್ಣು. ಕಡುಗೆಂಪಾಗಿ ಚೆನ್ನಾಗಿ ಕಾಣುತ್ತದೆ, ಆದರೆ ಅದು ಎಂದೂ ಬೇರು ಕಾಣದ, ಜೀವವಿಲ್ಲದ ತಳದ ಮಣ್ಣು. ಸಾಧ್ಯವಿದ್ದರೆ ಹೊಲದ ಮೇಲ್ಮಣ್ಣನ್ನೇ ಕೇಳಿ ತರಿಸಬೇಕೆಂದು ನಾನು ಹೇಳುವುದಿಲ್ಲ. ಯಾರದೋ ಹೊಲ ಬೋಳಾಗಿ ನಮ್ಮ ಲಾನ್ ಹಸಿರಾಗುವುದು ನ್ಯಾಯವಲ್ಲ. ತಳಮಣ್ಣನ್ನೇ ತನ್ನಿ, ಅದಕ್ಕೆ ಜೀವ ತುಂಬಿ.

ಜಾಗದಲ್ಲಿರುವ ಸಿಮೆಂಟು, ಗಾರೆ, ಇಟ್ಟಿಗೆ ಚೂರುಗಳನ್ನು ಆರಿಸಿ ತೆಗೆಯಿರಿ. ಗಾರೆ ಉಳಿದರೆ ರಸಸಾರ ಏರುತ್ತದೆ, ಕಬ್ಬಿಣದ ಕೊರತೆಯಿಂದ ಹುಲ್ಲು ಹಳದಿಯಾಗುತ್ತದೆ. ಹಳೆಯ ನೆಲವನ್ನು ಗುದ್ದಲಿಯಿಂದ ಒಂದಡಿ ಸಡಿಲಿಸಿದ ನಂತರವೇ ಅದರ ಮೇಲೆ ಹೊಸ ಮಣ್ಣು ಬೀಳಬೇಕು. ಎರಡರ ಗಡಿಯನ್ನು ಕಲಸಿಬಿಡಿ, ಪದರವಾಗಿ ಉಳಿಯಬಾರದು. ನೀರಿಗೆ ಪದರಗಳೆಂದರೆ ಆಗದು. ನುಣುಪು ಮಣ್ಣಿನ ಕೆಳಗೆ ಒರಟು ಜಲ್ಲಿಯೋ ಮರಳೋ ಇದ್ದರೆ ಮೇಲಿನ ಪದರ ಪೂರ್ತಿ ನೆನೆದು ತೊಪ್ಪೆಯಾಗುವವರೆಗೆ ನೀರು ಕೆಳಗಿಳಿಯುವುದಿಲ್ಲ.

ಮರಳಿನ ಬಗ್ಗೆ ಒಂದು ಮಾತು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಾಂಗಣವನ್ನು 2017ರಲ್ಲಿ ಮರಳಿನ ತಳ ಮತ್ತು ನೆಲದಡಿ ಗಾಳಿ–ನೀರು ಎಳೆಯುವ ಸಬ್‌ಏರ್ ವ್ಯವಸ್ಥೆಯೊಂದಿಗೆ ಹೊಸದಾಗಿ ಕಟ್ಟಿದರು. ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಟ ಶುರುವಾಗಬೇಕಾದ ಜಾಗ ಅದು. ಅದನ್ನು ಕಂಡು ಮನೆಯಂಗಳಕ್ಕೂ ಮರಳು ಸುರಿಯುವವರಿದ್ದಾರೆ. ಅಲ್ಲಿ ಬೇಕಿರುವುದು ನೀರನ್ನು ಓಡಿಸುವುದು, ನಿಮಗೆ ಬೇಕಿರುವುದು ನಿಲ್ಲಿಸಿಕೊಳ್ಳುವುದು. ಜೇಡಿಮಣ್ಣಿಗೆ ಅಲ್ಪಸ್ವಲ್ಪ ಮರಳು ಬೆರೆಸಿದರೆ ಅದು ಸಡಿಲವಾಗುವ ಬದಲು ಇನ್ನೂ ಗಟ್ಟಿಯಾಗುತ್ತದೆ. ಎಂ-ಸ್ಯಾಂಡಿನ ಕಲ್ಲುಪುಡಿಯಂತೂ ರಂಧ್ರಗಳನ್ನೇ ಮುಚ್ಚುತ್ತದೆ.

ಸಮಯವಿದ್ದರೆ ಮುಂಗಾರಿನ ಆರಂಭದಲ್ಲಿ ಆ ಜಾಗಕ್ಕೆ ಹಸಿರೆಲೆ ಗೊಬ್ಬರವಾಗಿ ಸೆಣಬು, ಡಯಾಂಚ ಅಥವಾ ಅಲಸಂದೆ ಬಿತ್ತಿ. ಸುಮಾರು 45 ದಿನಕ್ಕೆ, ಹೂ ಬಿಡುವ ಹೊತ್ತಿಗೆ ಕತ್ತರಿಸಿ ಮಣ್ಣಿಗೆ ಸೇರಿಸಿ. ಸೆಣಬಿನ ಬೇರು ಬಿಗಿದ ತಳವನ್ನು ಸೀಳುವಷ್ಟು ಚೆನ್ನಾಗಿ ಗುದ್ದಲಿ ಸೀಳುವುದಿಲ್ಲ. ಕರಗಲು ಎರಡು ಮೂರು ವಾರ ಬಿಡಿ.

ನಂತರ 4 ಸೆಂ.ಮೀ. ದಪ್ಪ ಮಾಗಿದ ಗೊಬ್ಬರ ಹರಡಿ 15 ಸೆಂ.ಮೀ. ಆಳಕ್ಕೆ ಬೆರೆಸಿ. 100 ಚದರ ಮೀಟರಿಗೆ ಇದು 4 ಘನ ಮೀಟರ್. ಜಾಸ್ತಿ ಅನ್ನಿಸುತ್ತದೆ, ಆದರೆ ಇದಕ್ಕಿಂತ ಕಡಿಮೆ ಹಾಕಿದರೆ ಗೊಬ್ಬರ ಒಂದೇ ವರ್ಷದಲ್ಲಿ ಕರಗಿಹೋಗಿ ಗುರುತೂ ಉಳಿಯುವುದಿಲ್ಲ. ನಮ್ಮ ಬಿಸಿಲಿಗೆ ಸಾವಯವ ಅಂಶ ಬೇಗ ಸವೆಯುತ್ತದೆ. ಗೊಬ್ಬರ ಮಾಗಿದೆಯೇ ಎಂದು ತಿಳಿಯಲು ಒಂದು ಬಟ್ಟಲಲ್ಲಿ ಹಾಕಿ ಮೆಂತ್ಯ ಬಿತ್ತಿ ನೋಡಿ. ನಾಲ್ಕೈದು ದಿನದಲ್ಲಿ ಎಲ್ಲ ಕಡೆ ಸಮನಾಗಿ ಮೊಳೆತರೆ ಬಳಸಬಹುದು. ಹಸಿ ಸಗಣಿ ಗೊಬ್ಬರ ತಂದರೆ ಗೊಣ್ಣೆಹುಳು, ಕಳೆಬೀಜ ಎರಡೂ ಜೊತೆಗೆ ಬರುತ್ತವೆ.

ಮಣ್ಣು ಪರೀಕ್ಷೆಯಲ್ಲಿ ರಂಜಕ ಕಡಿಮೆ ಬಂದಿದ್ದರೆ ಸೂಪರ್ ಫಾಸ್ಫೇಟನ್ನು ಈ ಹಂತದಲ್ಲೇ ಬೆರೆಸಿ. ಕೆಂಪುಮಣ್ಣಿನ ಕಬ್ಬಿಣದ ಅಂಶ ರಂಜಕವನ್ನು ಕಟ್ಟಿಹಾಕುತ್ತದೆ, ಆಮೇಲೆ ಮೇಲಿನಿಂದ ಎರಚಿದ್ದು ಬೇರಿನವರೆಗೆ ಇಳಿಯುವುದಿಲ್ಲ. ಎಲ್ಲ ಮುಗಿದ ಮೇಲೆ ನೀರು ಹಾಯಿಸಿ ಎರಡು ವಾರ ಬಿಡಿ. ಕಳೆ ಮೊಳೆಯುತ್ತದೆ, ನೆಲ ಕೂರುತ್ತದೆ. ಕಳೆ ಕಿತ್ತು, ತಗ್ಗು ತುಂಬಿ, ಮನೆಯಿಂದ ಹೊರಮುಖವಾಗಿ ಮೀಟರಿಗೆ ಒಂದೆರಡು ಸೆಂ.ಮೀ. ಇಳಿಜಾರು ಕೊಟ್ಟು ಹುಲ್ಲು ನೆಡಿ. ಚೌಕಾಕಾರದ ಹುಲ್ಲುಹಾಸಿನ ತುಂಡುಗಳಿಗಿಂತ ಬೇರುಸಹಿತ ಕಡ್ಡಿಗಳನ್ನು 8–10 ಸೆಂ.ಮೀ. ಅಂತರದಲ್ಲಿ ಊರುವುದು ನನಗೆ ಹೆಚ್ಚು ಇಷ್ಟ. ಲಾನ್ ತುಂಬಲು ತಡವಾಗುತ್ತದೆ, ಆದರೆ ಪರಮಣ್ಣಿನ ಪದರ ಬರುವುದಿಲ್ಲ, ಖರ್ಚೂ ಕಡಿಮೆ.

ಹಂತ 3: ಇರುವ ಲಾನನ್ನು ಒಳಗಿನಿಂದ ತೆರೆಯುವುದು

ಇಲ್ಲಿ ಎಲ್ಲವೂ ಮಣ್ಣಿನ ಹದದ ಮೇಲೆ ನಿಂತಿದೆ. ಮಳೆ ಬಂದ ಮರುದಿನವೋ ಅದರ ಮರುದಿನವೋ ಒಂದು ಹಿಡಿ ಮಣ್ಣನ್ನು ಮುಷ್ಟಿಯಲ್ಲಿ ಒತ್ತಿ. ಉಂಡೆಯಾಗಿ ನಿಂತು, ಬೆರಳಿನಿಂದ ತಟ್ಟಿದರೆ ಪುಡಿಯಾಗಬೇಕು. ಬೆರಳಿಗೆ ಅಂಟಿದರೆ ಕಾಯಿರಿ, ಉಂಡೆಯೇ ಆಗದಿದ್ದರೆ ನೀರು ಕೊಟ್ಟು ಕಾಯಿರಿ.

ಒಳಗೆ ಪೊಳ್ಳಿರುವ ಹಲ್ಲಿನ ಫೋರ್ಕ್ ಅಥವಾ ಯಂತ್ರದಿಂದ 8–10 ಸೆಂ.ಮೀ. ಆಳಕ್ಕೆ, ಗೇಣಿಗೆ ಎರಡರಂತೆ ರಂಧ್ರ ಹಾಕಿ. ಪೊಳ್ಳು ಹಲ್ಲು ಮಣ್ಣಿನ ಕಡ್ಡಿಯನ್ನೇ ಹೊರಗೆಳೆಯುತ್ತದೆ. ಸಾದಾ ಫೋರ್ಕ್ ಚುಚ್ಚಿದರೆ ರಂಧ್ರದ ಸುತ್ತಲ ಮಣ್ಣು ಒತ್ತಿಕೊಳ್ಳುತ್ತದೆ. ಆದರೂ ಏನೂ ಮಾಡದೇ ಇರುವುದಕ್ಕಿಂತ ಅದೇ ಮೇಲು. ಸಾದಾ ಫೋರ್ಕ್ ಬಳಸುವವರು ಚುಚ್ಚಿದ ಮೇಲೆ ಹಿಡಿಯನ್ನು ಸ್ವಲ್ಪ ಹಿಂದಕ್ಕೆ ಬಾಗಿಸಿ ಮಣ್ಣನ್ನು ತುಸು ಎತ್ತಿ ಬಿಡಿ. ಜನ ಹೆಚ್ಚು ಓಡಾಡುವ ಕಡೆ, ಗೇಟಿನ ಪಕ್ಕ, ಬಟ್ಟೆ ಒಣಹಾಕುವ ಜಾಗದಲ್ಲಿ ಇನ್ನೂ ಹತ್ತಿರ ಹತ್ತಿರ ಚುಚ್ಚಿ.

ಹೊರಬಂದ ಮಣ್ಣಿನ ಕಡ್ಡಿಗಳು ಒಣಗಿದ ಮೇಲೆ ಪೊರಕೆಯಿಂದ ಪುಡಿಮಾಡಿ. ಈಗ ಮೇಲ್ಗೊಬ್ಬರ. 6 ಮಿ.ಮೀ. ಜರಡಿಯಲ್ಲಿ ಸೋಸಿದ ಕಾಂಪೋಸ್ಟ್ ಅಥವಾ ಎರೆಗೊಬ್ಬರವನ್ನು 5 ಮಿ.ಮೀ. ದಪ್ಪದಲ್ಲಿ ಹರಡಿ. 100 ಚದರ ಮೀಟರಿಗೆ 500 ಲೀಟರ್ ಬೇಕು. ಬಾಣಲಿಯಿಂದ ಅಲ್ಲಲ್ಲಿ ಗುಡ್ಡೆ ಹಾಕಿ, ಕುಂಟೆಯ ಬೆನ್ನಿನಿಂದ ಎಳೆದು, ಕಡೆಗೆ ತೆಂಗಿನ ಕಡ್ಡಿ ಪೊರಕೆಯಿಂದ ಗುಡಿಸುತ್ತಾ ರಂಧ್ರಗಳೊಳಗೆ ಬೀಳಿಸಿ. ಗುಡಿಸಿದ ಮೇಲೆ ಎಲೆಯ ತುದಿಗಳು ಮೇಲೆ ಕಾಣಬೇಕು, ಹುಲ್ಲು ಮುಚ್ಚಿಹೋದರೆ ಕೊಳೆಯುತ್ತದೆ. ನಗರ ತ್ಯಾಜ್ಯದ ಗೊಬ್ಬರವಾದರೆ ಗಾಜು, ಪ್ಲಾಸ್ಟಿಕ್ ಚೂರುಗಳನ್ನು ಕಣ್ಣಿಟ್ಟು ನೋಡಿ, ಬರಿಗಾಲಲ್ಲಿ ಮಕ್ಕಳು ಓಡಾಡುವ ಜಾಗ ಇದು.

ವರ್ಷಕ್ಕೆರಡು ಸಲ ಹೀಗೆ ಮಾಡಿದರೆ ರಂಧ್ರಗಳೊಳಗೆ ಬಿದ್ದ ಗೊಬ್ಬರವನ್ನು ಹಿಂಬಾಲಿಸಿ ಬೇರು ಇಳಿಯುತ್ತದೆ. ಮೊದಲ ಹಂತದ ಚೂರಿ ಪರೀಕ್ಷೆ ಮತ್ತೆ ಮಾಡಿದಾಗ ಕಪ್ಪು ಗೆರೆಗಳಂತೆ ಕಾಣುವ ಹಳೆಯ ರಂಧ್ರಗಳಲ್ಲಿ ಬಿಳಿ ಬೇರುಗಳು ಗುಂಪುಗಟ್ಟಿರುವುದು ಸ್ಪಷ್ಟವಾಗಿ ತಿಳಿಯುತ್ತದೆ.

ಕಂದು ನಾರಿನ ಪದರ 1 ಸೆಂ.ಮೀ.ಗಿಂತ ದಪ್ಪವಿದ್ದರೆ ರಂಧ್ರ ಹಾಕುವ ಮೊದಲು ಕುಂಟೆಯಿಂದ ಬಲವಾಗಿ ಎಳೆದು ತೆಗೆಯಿರಿ. ಹುಲ್ಲು ಜೋರಾಗಿ ಬೆಳೆಯುವ ಮಳೆಗಾಲದ ಆರಂಭದಲ್ಲಿ ಮಾತ್ರ ಈ ಕೆಲಸ ಮಾಡಬೇಕು.

ಹಂತ 4: ಬೆರೆಸುವ ವಸ್ತುಗಳು, ಯಾವುದು ಎಷ್ಟು

ಕೆರೆಮಣ್ಣು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಹೊಲಕ್ಕೆ ಗೋಡುಮಣ್ಣು ಹೊಡೆಯುವುದು ನಮ್ಮ ಬಯಲುಸೀಮೆಯ ಹಳೆಯ ರೂಢಿ. ಮರಳು ಹೆಚ್ಚಿರುವ ಕೆಂಪುಮಣ್ಣಿಗೆ ಜೇಡಿಯನ್ನೂ ಸಾವಯವ ಅಂಶವನ್ನೂ ಒಟ್ಟಿಗೆ ಕೊಡುವ ಇಷ್ಟು ಅಗ್ಗದ ವಸ್ತು ಬೇರೆ ಇಲ್ಲ, ಮತ್ತು ಜೇಡಿ ಕಾಂಪೋಸ್ಟಿನಂತೆ ಸವೆದುಹೋಗುವುದಿಲ್ಲ. ಹೊಸ ಲಾನಿಗೆ 2–3 ಸೆಂ.ಮೀ. ಹರಡಿ, ಒಣಗಿಸಿ ಹೆಂಟೆ ಒಡೆದು ಬೆರೆಸಿ. ಇರುವ ಲಾನಿನ ಮೇಲೆ ಹರಡಬೇಡಿ, ಮೇಲ್ಪದರ ಕಟ್ಟಿ ನೀರನ್ನೇ ತಡೆಯುತ್ತದೆ. ಊರ ಚರಂಡಿ, ಕಾರ್ಖಾನೆಯ ನೀರು ಸೇರುವ ನಗರದ ಕೆರೆಗಳ ಹೂಳು ಖಂಡಿತ ಬೇಡ. ಭಾರಲೋಹಗಳು ಒಮ್ಮೆ ಮಣ್ಣು ಸೇರಿದರೆ ತೆಗೆಯುವ ದಾರಿಯಿಲ್ಲ.

ತೆಂಗಿನ ನಾರಿನ ಪುಡಿ. ತಿಪಟೂರು, ಅರಸೀಕೆರೆ ಕಡೆ ಧಾರಾಳವಾಗಿ ಸಿಗುತ್ತದೆ, ತನ್ನ ತೂಕದ ಹಲವು ಪಟ್ಟು ನೀರು ಹಿಡಿಯುತ್ತದೆ. ಆದರೆ ಹಸಿ ಪುಡಿಯಲ್ಲಿ ಉಪ್ಪಿದೆ, ಕೊಳೆಯುವಾಗ ಅದು ಮಣ್ಣಿನ ಸಾರಜನಕವನ್ನೂ ಕಬಳಿಸುತ್ತದೆ. ತೊಳೆದು, ಕಾಂಪೋಸ್ಟ್ ಮಾಡಿದ ಪುಡಿಯನ್ನೇ ಕೊಳ್ಳಿ. ಮರದ ಹೊಟ್ಟಿಗೂ ಇದೇ ಮಾತು.

ಇದ್ದಿಲು. ಬಳ್ಳಾರಿ ಜಾಲಿ, ತೆಂಗಿನ ಚಿಪ್ಪು, ಹೊಗೆ ಕಡಿಮೆ ಬರುವಂತೆ ಗಾಳಿ ಕಟ್ಟಿ ಸುಟ್ಟ ಯಾವುದೇ ಕಟ್ಟಿಗೆಯ ಇದ್ದಿಲು ಆಗುತ್ತದೆ, ಬೂದಿ ಅಲ್ಲ. ಒದ್ದೆ ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಜೋಳದ ಕಾಳಿನಷ್ಟು ಪುಡಿಮಾಡಿ. ನೇರವಾಗಿ ಮಣ್ಣಿಗೆ ಹಾಕಿದರೆ ಮೊದಲ ತಿಂಗಳುಗಳಲ್ಲಿ ಅದೇ ಸಾರ ಹೀರಿಕೊಳ್ಳುತ್ತದೆ. ಆದ್ದರಿಂದ ಒಂದು ಪಾಲು ಇದ್ದಿಲಿಗೆ ನಾಲ್ಕು ಪಾಲು ಕಾಂಪೋಸ್ಟ್ ಬೆರೆಸಿ, ಗಂಜಲ ಚಿಮುಕಿಸಿ, ತೇವವಾಗಿ ಮೂರು ನಾಲ್ಕು ವಾರ ಮುಚ್ಚಿಡಿ. ಬಳಿಕ ಮೇಲ್ಗೊಬ್ಬರದ ಜೊತೆ ಕೊಡಿ. ಇದ್ದಿಲು ದಶಕಗಳ ಕಾಲ ಉಳಿಯುತ್ತದೆ. ಆದರೆ ಅದು ಕ್ಷಾರೀಯ, ಮಣ್ಣಿನ ರಸಸಾರ ಈಗಾಗಲೇ 8ರ ಹತ್ತಿರವಿದ್ದರೆ ಬಿಟ್ಟುಬಿಡಿ.

ಜಿಯೋಲೈಟ್ ಅಮೋನಿಯಂ, ಪೊಟ್ಯಾಷ್ ಎರಡನ್ನೂ ಚೆನ್ನಾಗಿ ಹಿಡಿಯುವ ಖನಿಜ. ಕುಂಡಗಳಿಗೆ, ಟೆರೇಸ್ ತೋಟಕ್ಕೆ ಸರಿ. ಇಡೀ ಲಾನಿಗೆ ಹಾಕುವ ದುಡ್ಡಿನಲ್ಲಿ ಎರಡು ವರ್ಷದ ಕಾಂಪೋಸ್ಟ್ ಬರುತ್ತದೆ.

ಹಂತ 5: ಗೊಬ್ಬರವನ್ನು ಬೇರಿನ ಆಳದಲ್ಲೇ ಉಳಿಸುವುದು

ಸಾರಜನಕವೇ ಹೆಚ್ಚು ಕೈತಪ್ಪುವ ಪೋಷಕಾಂಶ. ಯೂರಿಯಾ ಕರಗಿದ ಕೂಡಲೇ ಅದಕ್ಕೆ ಯಾವ ವಿದ್ಯುದಂಶವೂ ಇಲ್ಲ, ಮಣ್ಣಿಗೆ ಅಂಟದೆ ನೀರಿನ ಜೊತೆ ಇಳಿಯುತ್ತದೆ. ಕೆಲವು ದಿನಗಳಲ್ಲಿ ಅದು ಅಮೋನಿಯಂ ಆದಾಗ ಮಣ್ಣು ಹಿಡಿದುಕೊಳ್ಳುತ್ತದೆ. ನಂತರ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಮಾಡುತ್ತವೆ. ನೈಟ್ರೇಟ್ ಋಣ ವಿದ್ಯುದಂಶದ್ದು, ಮತ್ತೆ ಜಾರಲು ಶುರು. ಆದ್ದರಿಂದ ಹಬ್ಬದೂಟ ಬಡಿಸಿದಂತೆ ಒಂದೇ ಸಲ ಸುರಿಯುವುದು ವ್ಯರ್ಥ.

ಮನೆಯ ಲಾನಿಗೆ ವರ್ಷಕ್ಕೆ ಚದರ ಮೀಟರಿಗೆ 8ರಿಂದ 12 ಗ್ರಾಂ ಸಾರಜನಕ ಸಾಕು. ಯೂರಿಯಾದಲ್ಲಿ ಶೇ. 46 ಸಾರಜನಕವಿದೆ. 100 ಚದರ ಮೀಟರಿಗೆ 200 ಗ್ರಾಂ ಯೂರಿಯಾ ಹಾಕಿದರೆ ಚದರ ಮೀಟರಿಗೆ 1 ಗ್ರಾಂಗೆ ಹತ್ತಿರ. ಬೆಳವಣಿಗೆಯ ತಿಂಗಳುಗಳಲ್ಲಿ ನಾಲ್ಕು ವಾರಕ್ಕೊಮ್ಮೆ ಇಷ್ಟನ್ನೇ ಕೊಡಿ. ಎಲೆಯ ಮೇಲೆ ತೇವವಿಲ್ಲದಾಗ, ಒಂದು ಬಾಣಲಿ ಒಣಮಣ್ಣಿನೊಂದಿಗೆ ಬೆರೆಸಿ, ಅರ್ಧವನ್ನು ಉದ್ದಕ್ಕೂ ಉಳಿದರ್ಧವನ್ನು ಅಡ್ಡಕ್ಕೂ ಎರಚಿ, ತಕ್ಷಣ 3–5 ಮಿ.ಮೀ. ನೀರು ಕೊಡಿ. ಮೇಲೇ ಬಿಟ್ಟರೆ ಅಮೋನಿಯಾ ಅನಿಲವಾಗಿ ಹಾರುತ್ತದೆ, ಜಾಸ್ತಿ ನೀರು ಕೊಟ್ಟರೆ ಬೇರು ದಾಟಿ ಹೋಗುತ್ತದೆ. ಜೋರು ಮಳೆಯ ಮುನ್ಸೂಚನೆ ಇರುವ ದಿನ ಚೀಲ ಬಿಚ್ಚಲೇಬೇಡಿ.

ರಾಸಾಯನಿಕ ಬೇಡವೆನ್ನುವವರಿಗೆ ಬೇವಿನ ಹಿಂಡಿ, ಹೊಂಗೆ ಹಿಂಡಿ ಇವೆ. ಶೇ. 4–5ರಷ್ಟು ಸಾರಜನಕ, ನಿಧಾನವಾಗಿ ಬಿಡುಗಡೆ. ಬೇವಿನ ಹಿಂಡಿಗೆ ಇನ್ನೊಂದು ಗುಣ: ಅಮೋನಿಯಂ ನೈಟ್ರೇಟ್ ಆಗುವ ವೇಗವನ್ನು ಅದು ತಗ್ಗಿಸುತ್ತದೆ. 2015ರಿಂದ ದೇಶದ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆ ಲೇಪಿಸುವುದಕ್ಕೆ ಇದೂ ಒಂದು ಕಾರಣ. ಪೊಟ್ಯಾಷನ್ನೂ ಕಂತುಗಳಲ್ಲೇ ಕೊಡಿ, ಕೆಯೊಲಿನೈಟ್ ಜೇಡಿಗೆ ಅದನ್ನು ಬಹಳ ಹಿಡಿಯುವ ಶಕ್ತಿಯಿಲ್ಲ.

ಕತ್ತರಿಸಿದ ಹುಲ್ಲನ್ನು ಚೀಲಕ್ಕೆ ತುಂಬಿ ಹೊರಗೆ ಸಾಗಿಸುವುದನ್ನು ಕಂಡರೆ ನನಗೆ ನಿಜಕ್ಕೂ ನೋವಾಗುತ್ತದೆ. ಲಾನಿಗೆ ಬೇಕಾದ ಸಾರಜನಕದ ಕಾಲು ಭಾಗದಷ್ಟು ಅದರಲ್ಲೇ ಇದೆ. ಎಲೆಯ ಎತ್ತರದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಒಮ್ಮೆಗೇ ಕತ್ತರಿಸದಿದ್ದರೆ ತುಣುಕುಗಳು ಚಿಕ್ಕವಾಗಿರುತ್ತವೆ, ಒಳಗೆ ಬಿದ್ದು ವಾರದೊಳಗೆ ಕರಗುತ್ತವೆ. ಬೇಸಿಗೆಯಲ್ಲಿ ಗರಿಕೆಯನ್ನು 4 ಸೆಂ.ಮೀ., ನೆರಳಿನ ಕಾರ್ಪೆಟ್ ಹುಲ್ಲನ್ನು ಇನ್ನೂ ಒಂದೆರಡು ಸೆಂ.ಮೀ. ಎತ್ತರಕ್ಕೆ ಬಿಡಿ. ಮೇಲೆ ಎತ್ತರವಿದ್ದಷ್ಟು ಕೆಳಗೆ ಬೇರು ಆಳ.

ಹಂತ 6: ನೀರು ಹಾಯಿಸುವ ಕ್ರಮ, ಮತ್ತು ನೀರಿನ ಗುಣ

ಮಾರ್ಚ್–ಏಪ್ರಿಲ್‌ನಲ್ಲಿ ಬೆಂಗಳೂರಿನ ಕಡೆ ಗರಿಕೆಯ ಲಾನ್ ದಿನಕ್ಕೆ ಸುಮಾರು 4 ಮಿ.ಮೀ. ನೀರು ಬಳಸುತ್ತದೆ. ಬೇರು 10 ಸೆಂ.ಮೀ. ಇದ್ದರೆ ಉಗ್ರಾಣ 12 ಮಿ.ಮೀ., ಅದರಲ್ಲಿ ಅರ್ಧ ಖಾಲಿಯಾದಾಗ ತುಂಬಬೇಕು. ಅಂದರೆ ಒಂದೂವರೆ ದಿನ. ಬೇರು 20 ಸೆಂ.ಮೀ. ಇಳಿದರೆ ಮೂರು ದಿನಕ್ಕೊಮ್ಮೆ 12 ಮಿ.ಮೀ. ಸಾಕು. ಒಮ್ಮೆಲೇ ಅಂತರ ಹೆಚ್ಚಿಸಬೇಡಿ. ರಂಧ್ರ, ಮೇಲ್ಗೊಬ್ಬರದ ಕೆಲಸ ಮುಗಿದ ಮೇಲೆ ವಾರಗಳ ಅವಧಿಯಲ್ಲಿ ಅರ್ಧರ್ಧ ದಿನ ಹೆಚ್ಚಿಸುತ್ತಾ ಹೋಗಿ. ನಡೆದ ಹೆಜ್ಜೆ ಗುರುತು ಹುಲ್ಲಿನ ಮೇಲೆ ಹಾಗೇ ಉಳಿದರೆ, ಎಲೆ ಮಡಚಿ ನೀಲಿಬೂದು ಬಣ್ಣಕ್ಕೆ ತಿರುಗಿದರೆ ಆಗ ನೀರು ಕೊಡಿ.

ಸ್ಪ್ರಿಂಕ್ಲರ್ ಎಷ್ಟು ಕೊಡುತ್ತದೆ ಎಂದು ಅಳೆಯಲು ನೇರ ಗೋಡೆಯ ಐದಾರು ಡಬ್ಬಿಗಳನ್ನು ಲಾನಿನಲ್ಲಿಟ್ಟು ಕಾಲು ಗಂಟೆ ಓಡಿಸಿ, ಸ್ಕೇಲಿನಿಂದ ನೋಡಿ. ನೀರು ಹರಿದುಹೋಗುತ್ತಿದ್ದರೆ ಹತ್ತು ನಿಮಿಷ ಕೊಟ್ಟು, ಅರ್ಧ ಗಂಟೆ ಬಿಟ್ಟು, ಮತ್ತೆ ಹತ್ತು ನಿಮಿಷ ಕೊಡಿ. ಬೆಳಗಿನ ಜಾವವೇ ಒಳ್ಳೆಯ ಹೊತ್ತು.

ಈಗ ಬಹುತೇಕರು ಗಮನಿಸದ ವಿಷಯ. ಮನೆಗೆ ವಾಟರ್ ಸಾಫ್ಟ್‌ನರ್ ಹಾಕಿಸಿದ್ದರೆ ತೋಟದ ನಲ್ಲಿಗೆ ನೀರು ಅದನ್ನು ಸೇರುವ ಮೊದಲಿನ ಪೈಪಿನಿಂದಲೇ ಬರಬೇಕು. ಸಾಫ್ಟ್‌ನರ್ ಮಾಡುವುದು ನೀರಿನ ಕ್ಯಾಲ್ಸಿಯಂ, ಮೆಗ್ನೀಷಿಯಂ ತೆಗೆದು ಸೋಡಿಯಂ ಸೇರಿಸುವ ಕೆಲಸ. ಸೋಡಿಯಂ ಮಣ್ಣಿನ ಹರಳುಗಳನ್ನು ಬಿಡಿಸಿ, ಜೇಡಿಯನ್ನು ಕೆನೆಗಟ್ಟಿಸಿ, ನೀವು ಮಾಡಿದ ರಂಧ್ರಗಳನ್ನೆಲ್ಲ ಮುಚ್ಚುತ್ತದೆ. ಬಟ್ಟೆಗೆ ಒಳ್ಳೆಯದಾದ ನೀರು ಮಣ್ಣಿಗೆ ವಿಷ. ಸಾಫ್ಟ್‌ನರ್ ತೊಳೆದ ಉಪ್ಪುನೀರಂತೂ ಲಾನಿನ ಹತ್ತಿರವೂ ಸುಳಿಯಬಾರದು.

ಅಪಾರ್ಟ್‌ಮೆಂಟುಗಳ ಸಂಸ್ಕರಿಸಿದ ನೀರು ಲಾನಿಗೆ ಯೋಗ್ಯ. ಅದರಲ್ಲಿ ಸಾರಜನಕ, ರಂಜಕ ಇರುವುದರಿಂದ ಗೊಬ್ಬರದ ಪ್ರಮಾಣ ಇಳಿಸಿ. ಸಾಬೂನಿನ ಸೋಡಿಯಂ ಕೂಡ ಇರುವುದರಿಂದ ವರ್ಷಕ್ಕೊಮ್ಮೆ ಮಣ್ಣು ಪರೀಕ್ಷಿಸಿ, ಸೋಡಿಯಂ ಏರಿದ್ದರೆ ವರದಿ ಹೇಳಿದಷ್ಟು ಜಿಪ್ಸಂ ಹಾಕಿ.

ಕೆಲವೊಮ್ಮೆ ಲಾನಿನ ನಡುವೆ ವೃತ್ತಾಕಾರದ ಒಣ ತೇಪೆಗಳು ಕಾಣಿಸುತ್ತವೆ, ಎಷ್ಟು ನೀರು ಹಾಕಿದರೂ ಚೇತರಿಸಿಕೊಳ್ಳುವುದಿಲ್ಲ. ಅಲ್ಲಿಯ ಒಣಮಣ್ಣಿನ ಮೇಲೆ ಒಂದು ಹನಿ ನೀರು ಬಿಡಿ. ಹನಿ ಇಂಗದೆ ಮುತ್ತಿನಂತೆ ನಿಂತರೆ ಮಣ್ಣಿನ ಕಣಗಳಿಗೆ ಮೇಣದಂಥ ಲೇಪ ಕಟ್ಟಿದೆ ಎಂದರ್ಥ. ಫೋರ್ಕಿನಿಂದ ಒತ್ತೊತ್ತಾಗಿ ಚುಚ್ಚಿ, ಲಾನಿಗೆಂದೇ ಮಾರುವ ತೇವಕಾರಕವನ್ನು (ನೀರು ಇಂಗುವಂತೆ ಮಾಡುವ ದ್ರವ) ಲೇಬಲ್ಲಿನ ಪ್ರಮಾಣದಲ್ಲಿ ಕೊಟ್ಟು, ಕೆಲವು ದಿನ ಸ್ವಲ್ಪ ಸ್ವಲ್ಪವೇ ನೀರು ಉಣಿಸಿ.

ಬೇರೆ ಮಣ್ಣಿನವರಿಗೆ

ವಿಜಯಪುರ, ಕಲಬುರಗಿ, ಧಾರವಾಡದ ಎರೆಮಣ್ಣಿಗೆ ಹಿಡಿದಿಡುವ ಶಕ್ತಿ ಹುಟ್ಟಿನಿಂದಲೇ ಇದೆ. ಅಲ್ಲಿ ಕೆರೆಮಣ್ಣು, ಹೈಡ್ರೋಜೆಲ್, ಜಿಯೋಲೈಟ್ ಯಾವುದೂ ಬೇಡ. ಬೇಕಿರುವುದು ಕಾಂಪೋಸ್ಟ್, ಇಳಿಜಾರು ಮತ್ತು ಹಸಿಯಿದ್ದಾಗ ತುಳಿಯದಿರುವ ಸಂಯಮ. ಬೇಸಿಗೆಯ ಬಿರುಕುಗಳಿಗೆ ಕಾಂಪೋಸ್ಟನ್ನೇ ಗುಡಿಸಿ ತುಂಬಿ.

ಕರಾವಳಿಯಲ್ಲಿ ಮಳೆಗಾಲ 3,000 ಮಿ.ಮೀ. ಮೀರಿ ಸುರಿದು ಸಾರವನ್ನೆಲ್ಲ ತೊಳೆದೊಯ್ಯುತ್ತದೆ, ಜಂಬಿಟ್ಟಿಗೆ ಮಣ್ಣು ಹುಳಿಯಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಗೊಬ್ಬರ ಹಾಕುವುದೆಂದರೆ ಹೊಳೆಗೆ ಹಾಕಿದಂತೆಯೇ. ಮಳೆ ತಗ್ಗಿದ ಮೇಲೆ, ವರದಿಯ ಪ್ರಕಾರ ಸುಣ್ಣ ಕೊಟ್ಟು, ಕೆಲವು ವಾರ ಬಿಟ್ಟು ಗೊಬ್ಬರ ಶುರುಮಾಡಿ.

ವರ್ಷದ ಕೆಲಸ, ಮಳೆಯ ಲೆಕ್ಕದಲ್ಲಿ

ಭರಣಿ, ಕೃತ್ತಿಕೆಯ ಮೊದಲ ಮಳೆಗಳು ಬಿದ್ದು ಮಣ್ಣು ಹದಕ್ಕೆ ಬಂದಾಗ ನಾರಿನ ಪದರ ಎಳೆದು, ರಂಧ್ರ ಹಾಕಿ, ಮೇಲ್ಗೊಬ್ಬರ ಕೊಡಿ. ರೋಹಿಣಿ, ಮೃಗಶಿರದಿಂದ ಸಾರಜನಕದ ಸಣ್ಣ ಕಂತುಗಳು ಶುರುವಾಗಲಿ. ಸೆಪ್ಟೆಂಬರಿನ ಜೋರು ಮಳೆಯಲ್ಲಿ ಒಂದು ಕಂತು ತಪ್ಪಿದರೂ ನಷ್ಟವಿಲ್ಲ. ಹಸ್ತ, ಚಿತ್ತೆ ಮಳೆಗಳು ಮುಗಿದು ನೆಲ ತುಸು ಆರಿದಾಗ ಎರಡನೆಯ ಸಲ ರಂಧ್ರ, ಮೇಲ್ಗೊಬ್ಬರ. ಇದ್ದಿಲು ಬೆರೆಸಿದ ಕಾಂಪೋಸ್ಟ್ ಕೊಡುವುದಾದರೆ ಈ ಸಲವೇ ಕೊಡಿ, ಬೇಸಿಗೆಗೆ ಮೊದಲು ಬೇರು ಇಳಿಯಲು ನಾಲ್ಕು ತಿಂಗಳು ಸಿಗುತ್ತವೆ. ಜೊತೆಗೆ ಪೊಟ್ಯಾಷಿನ ಒಂದು ಕಂತು. ಡಿಸೆಂಬರ್, ಜನವರಿಯಲ್ಲಿ ಗರಿಕೆ ನಿಧಾನವಾಗುತ್ತದೆ, ಸ್ವಲ್ಪ ಕಂದಾಗುತ್ತದೆ. ಆಗ ಯೂರಿಯಾ ಸುರಿದು ಎಬ್ಬಿಸಲು ಹೋಗಬೇಡಿ, ನೀರನ್ನೂ ವಾರಕ್ಕೊಮ್ಮೆಗೆ ಇಳಿಸಿ. ಫೆಬ್ರವರಿಯ ಕೊನೆಗೆ ಕತ್ತರಿಸುವ ಯಂತ್ರದ ಎತ್ತರವನ್ನು 4 ಸೆಂ.ಮೀ.ಗೆ ಏರಿಸಿ, ಚೂರಿಯಿಂದ ಒಂದು ತುಂಡೆತ್ತಿ ಬೇರು ಅಳೆದುಕೊಳ್ಳಿ. ಆ ವರ್ಷದ ಬೇಸಿಗೆಯಲ್ಲಿ ಎಷ್ಟು ದಿನಕ್ಕೊಮ್ಮೆ ನೀರು ಎಂಬುದನ್ನು ಆ ಅಳತೆಯ ಮೇಲೆಯೇ ಗೊತ್ತುಮಾಡಿ.